ಕ್ರಿಸ್‌ಮಸ್ ಗಿಡ ಫೆಬ್ರವರಿ ದಾಟಬೇಕಾದರೆ

ಕ್ರಿಸ್‌ಮಸ್‌ಗೆಂದು ತಂದ ಕುಂಡದ ಗಿಡ ಡಿಸೆಂಬರಿನಲ್ಲಿ ಸಾಯುವುದಿಲ್ಲ. ಹಬ್ಬ ಮುಗಿದು, ಗೋದಲಿಯ ಬೊಂಬೆಗಳೆಲ್ಲ ಪೆಟ್ಟಿಗೆ ಸೇರಿ, ಫೆಬ್ರವರಿಯ ಬಿಸಿಲು ಏರುವಾಗ ಕೆಳಸುತ್ತಿನ ಟೊಂಗೆಗಳು ಕಂದಾಗತೊಡಗುತ್ತವೆ. ಆಗ ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ತಪ್ಪು ನಡೆದಿರುವುದು ಗಿಡ ಒಳಗಿದ್ದ ಆ ಎರಡು ವಾರಗಳಲ್ಲಿ, ಇಲ್ಲವೆ ಅದನ್ನು ಹೊರಗೆ ಸಾಗಿಸಿದ ದಿನ. ಈ ಜಾತಿ ತನ್ನ ನೋವನ್ನು ಬಹಳ ತಡವಾಗಿ ತೋರಿಸುತ್ತದೆ. ಬೆಳಗಾವಿಯಲ್ಲಿ ಒಂದೇ ಗಿಡವನ್ನು ವರ್ಷವರ್ಷವೂ ಒಳಗೆ ತಂದು ಹೊರಗೆ ಕಳಿಸುವುದಕ್ಕೆ ನಾನು ಪಾಲಿಸುವ ಕ್ರಮ ಇದು.

ಯುರೋಪಿನವರು ಕಡಿದು ನಿಲ್ಲಿಸುವ ಫರ್, ಸ್ಪ್ರೂಸ್ ನಮ್ಮ ಹವೆಗೆ ಬಾರವು. ಇಲ್ಲಿನ ನರ್ಸರಿಗಳಲ್ಲಿ ಕ್ರಿಸ್‌ಮಸ್ ಟ್ರೀ ಎಂದು ಕೊಡುವುದು ಅರಾಕೇರಿಯಾ. ನಾರ್‌ಫೋಕ್ ಐಲೆಂಡ್ ಪೈನ್ ಎಂದು ಕರೆದರೂ ಇದು ಪೈನ್ ಅಲ್ಲ. ಒಂದು ಜಾತಿ ಪೆಸಿಫಿಕ್ ಸಾಗರದ ನಾರ್‌ಫೋಕ್ ದ್ವೀಪದ್ದು, ಅದರ ಹತ್ತಿರದ ಸಂಬಂಧಿ ನ್ಯೂ ಕ್ಯಾಲೆಡೋನಿಯಾದ್ದು. ಸಣ್ಣವಿದ್ದಾಗ ಎರಡರ ಗುರುತು ಹಿಡಿಯುವುದು ಕಷ್ಟ, ಆರೈಕೆ ಹೇಗೂ ಒಂದೇ. ಎರಡೂ ಸಮುದ್ರದ ತೇವದ ಗಾಳಿಯಲ್ಲಿ ಬೆಳೆದವು. ಬೆಳಗಾವಿಯ ಡಿಸೆಂಬರ್ ಚಳಿ ಇವಕ್ಕೆ ಏನೂ ಮಾಡದು. ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ ಬೀಸುವ ಒಣ ಮೂಡಗಾಳಿಯೇ ಇವುಗಳ ವೈರಿ. ವಿಜಯಪುರ, ಬಾಗಲಕೋಟೆ ಕಡೆ ಗಾಳಿ ಇನ್ನೂ ಒಣ, ಆದ್ದರಿಂದ ಅಲ್ಲಿ ಮುಂದೆ ಹೇಳುವ ಎಲ್ಲದರಲ್ಲೂ ಒಂದು ಕೈ ಹೆಚ್ಚು ಎಚ್ಚರ ಬೇಕು.

ಕೊಳ್ಳುವಾಗ ನಾನು ಮೊದಲು ನೋಡುವುದು ನೆತ್ತಿಯ ಕುಡಿಯನ್ನು. ಅದು ಮುರಿದಿದ್ದರೆ ಗಿಡ ಎಷ್ಟು ಸೊಂಪಾಗಿದ್ದರೂ ಬೇಡ, ಮತ್ತೆ ಅದೇ ಗೋಪುರದ ಆಕಾರ ಬರುವುದಿಲ್ಲ. ಪಕ್ಕದ ಟೊಂಗೆಯೊಂದು ನೆಟ್ಟಗಾಗಿ ನೆತ್ತಿಯ ಜಾಗ ಹಿಡಿದೀತು ಎಂಬ ಆಸೆಯೂ ಬೇಡ. ಎರಡನೆಯದು ಬುಡ. ದಟ್ಟವಾಗಿ ಕಾಣಲೆಂದು ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿ ನೆಟ್ಟಿರುತ್ತಾರೆ. ಎರಡು ವರ್ಷದಲ್ಲಿ ಅವು ಒಂದಕ್ಕೊಂದು ಬೇರು ಹೆಣೆದುಕೊಂಡು ಜಗಳಕ್ಕಿಳಿಯುತ್ತವೆ. ಬಿಡಿಸಲು ಹೋದರೆ ಬೇರು ಹರಿದು ಎಲ್ಲವೂ ಹೋಗಬಹುದು. ಕಡಿಮೆ ಸೊಂಪಿದ್ದರೂ ಒಂಟಿ ಕಾಂಡದ, 2ರಿಂದ 3 ಅಡಿಯ ಗಿಡವೇ ಒಳ್ಳೆಯದು. ಇದರ ಬದಲಿಗೆ ಕೊಡುವ ಥೂಜಾ ಎಂಬ ಅಲಂಕಾರದ ಗಿಡ ಅಗ್ಗಕ್ಕೆ ಸಿಗುತ್ತದೆ, ಆದರೆ ಅದಕ್ಕೆ ಪೂರ್ತಿ ಬಿಸಿಲು ಬೇಕು, ಒಳಗೆ ನಾಲ್ಕೈದು ದಿನಕ್ಕಿಂತ ಹೆಚ್ಚು ಇಡಬಾರದು.

ಇನ್ನು ನೀರು. ಒಳಗಿದ್ದಾಗ ಗಿಡ ಹಾಳಾಗುವುದು ಹೆಚ್ಚಾಗಿ ಇದರಿಂದಲೇ, ಅದೂ ಎರಡು ಬಗೆಯಲ್ಲಿ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ: ಪಡಸಾಲೆಯ ಮಬ್ಬು ಬೆಳಕಿನಲ್ಲಿ ಗಿಡ ಕುಡಿಯುವುದು ಕಡಿಮೆ, ಮನೆಯವರು ಸುರಿಯುವುದು ಜಾಸ್ತಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಎರಡನೆಯದು ಮೋಸದ್ದು. ಹೊರರಾಜ್ಯದಿಂದ ಬರುವ ಎಷ್ಟೋ ಗಿಡಗಳ ಬೇರಿಗೆ ಜಿಗುಟು ಮಣ್ಣಿನ ಹೆಂಟೆ ಮೆತ್ತಿರುತ್ತದೆ. ಅದನ್ನು ಹಾಗೇ ದೊಡ್ಡ ಕುಂಡದಲ್ಲಿಟ್ಟು ಸುತ್ತ ಸಡಿಲ ಮಣ್ಣು ತುಂಬಿದರೆ, ಹಾಕಿದ ನೀರೆಲ್ಲ ಸಡಿಲ ಮಣ್ಣಿನಲ್ಲೇ ಇಳಿದು ತಳದ ತೂತಿನಿಂದ ಹೊರಬೀಳುತ್ತದೆ. ಮೇಲ್ಮಣ್ಣು ಹಸಿ, ತಟ್ಟೆಯಲ್ಲಿ ನೀರು, ನಡುವಿನ ಹೆಂಟೆ ಮಾತ್ರ ಇಟ್ಟಂಗಿಯಂತೆ ಒಣ. ಬೆರಳಿಟ್ಟು ನೋಡಿದರೆ ಇದು ತಿಳಿಯುವುದಿಲ್ಲ. ತೆಳ್ಳನೆಯ ಬಿದಿರು ಕಡ್ಡಿಯೊಂದನ್ನು ಕಾಂಡದಿಂದ ಎರಡು ಬೆರಳು ದೂರದಲ್ಲಿ 4 ಇಂಚು ಆಳಕ್ಕೆ ಮೆಲ್ಲಗೆ ಇಳಿಸಿ, ಐದು ನಿಮಿಷ ಬಿಟ್ಟು ತೆಗೆದು ನೋಡಿ. ಒಣಗಿದ್ದರೆ ಕುಂಡವನ್ನೇ ಬಕೆಟ್‌ನಲ್ಲಿಟ್ಟು, ಕುಂಡದ ಅರ್ಧದವರೆಗೆ ನೀರು ಹಾಕಿ ಅರ್ಧ ತಾಸು ಬಿಡಿ, ಹೆಂಟೆ ತಳದಿಂದ ನೆನೆಯುತ್ತದೆ. ಆಮೇಲೆ ಎತ್ತಿ ಪೂರ್ತಿ ಬಸಿಯಬೇಕು. ಹೆಂಟೆಯನ್ನು ಡಿಸೆಂಬರಿನಲ್ಲಿ ಒಡೆಯಬಾರದು, ಅದು ಮಳೆಗಾಲದ ಕೆಲಸ.

12 ಇಂಚಿನ ಕುಂಡದಲ್ಲಿರುವ ಮೂರಡಿ ಗಿಡಕ್ಕೆ ಮನೆಯೊಳಗೆ ನಾಲ್ಕೈದು ದಿನಕ್ಕೊಮ್ಮೆ ಎರಡು ತಂಬಿಗೆ, ಅಂದರೆ ಸುಮಾರು ಒಂದೂವರೆ ಲೀಟರ್ ಸಾಕಾಗುತ್ತದೆ. ವಾರ ಲೆಕ್ಕ ಹಾಕಿ ಹಾಕುವುದಕ್ಕಿಂತ, ಮೇಲಿನ ಒಂದು ಇಂಚು ಮಣ್ಣು ಒಣಗಿದ ಮೇಲೆ ಹಾಕುವುದೇ ಸರಿ. ಕುಂಡ ಅಲುಗಾಡಿಸಿ ತೂಕ ನೋಡುವ ರೂಢಿಯಾದರೆ ಕಡ್ಡಿಯೂ ಬೇಡ.

ಯಾವ ನೀರು ಎನ್ನುವುದೂ ಮುಖ್ಯ. ಬೆಳಗಾವಿ ನಗರಕ್ಕೆ ಬರುವ ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನಳದ ನೀರಿನಿಂದ ತೊಂದರೆಯಾಗದು. ಬೋರ್ ನೀರು, ಅದರಲ್ಲೂ ವಿಜಯಪುರ ಕಡೆಯ ಸವಳು ನೀರು, ನಿಧಾನ ವಿಷ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ, ಹೊಸ ಚಿಗುರು ಹಳದಿಯಾಗುತ್ತದೆ. ಆ ನೀರಿನಿಂದ ಮಣ್ಣಿನಲ್ಲಿ ಸುಣ್ಣ ಕೂಡುತ್ತದೆ, ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕದ್ದರಿಂದ ಹೀಗಾಗುತ್ತದೆ. ಆರ್‌ಓ ಯಂತ್ರದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವ ಜಾಣತನ ಇನ್ನೂ ಕೆಟ್ಟದ್ದು, ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಒಟ್ಟುಗೂಡಿರುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಮೇಲಿಲ್ಲ. ಚಿಗುರು ಈಗಾಗಲೇ ಹಳದಿಯಾಗಿದ್ದರೆ, ದ್ರಾಕ್ಷಿ, ದಾಳಿಂಬೆ ತೋಟದವರು ಕೊಳ್ಳುವ ಇಡಿಡಿಎಚ್‌ಎ ರೂಪದ ಚಿಲೇಟೆಡ್ ಕಬ್ಬಿಣವನ್ನು, ಅಂದರೆ ಬೇರಿಗೆ ದಕ್ಕುವಂತೆ ಬೇರೊಂದು ರಾಸಾಯನಿಕದಲ್ಲಿ ಹಿಡಿದಿಟ್ಟ ಕಬ್ಬಿಣವನ್ನು, ಲೀಟರಿಗೆ 1 ಗ್ರಾಂ ಕರಗಿಸಿ ಮಣ್ಣಿಗೆ ಹಾಕಬಹುದು. ಇಡಿಟಿಎ ರೂಪದ್ದು ಸುಣ್ಣದ ಮಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಗಿಡ ಒಳಗೆ ತರುವ ಮೊದಲು ಒಂದು ವಾರ ವರಾಂಡದ ನೆರಳಿನಲ್ಲಿಡುತ್ತೇನೆ. ಎಲೆಯ ಅಡಿಯನ್ನು ನೋಡಲು ಇದೇ ಸಮಯ. ಟೊಂಗೆ ಕವಲೊಡೆಯುವಲ್ಲಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ, ನವಿರಾದ ಬಲೆ ಕಂಡರೆ ನುಸಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ದ್ರವ ಸೋಪು ಕಲಸಿ ಸಂಜೆ ಹೊತ್ತಿನಲ್ಲಿ ಸಿಂಪಡಿಸಿ, ವಾರದ ಮೇಲೆ ಇನ್ನೊಮ್ಮೆ. ಡಿಸೆಂಬರ್ 20ರ ಸುಮಾರಿಗೆ ಒಳಗೆ. ಜಾಗ ಮೂಡಣ ಅಥವಾ ತೆಂಕಣ ಕಿಟಕಿಯ ಹತ್ತಿರ, ಫ್ಯಾನಿನ ಗಾಳಿ ನೇರ ತಾಗದ ಕಡೆ. ಟಿವಿ ಪಕ್ಕದ ಮೂಲೆ ನೋಡಲು ಚೆಂದ, ಗಿಡಕ್ಕೆ ಸೆರೆಮನೆ. ಮೂರು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸದಿದ್ದರೆ ಗಿಡ ಬೆಳಕಿನ ಕಡೆಗೇ ವಾಲುತ್ತದೆ.

ಅಲಂಕಾರದಲ್ಲಿ ನನ್ನ ಹಟ ಒಂದೇ: ನಕ್ಷತ್ರವನ್ನು ಗಿಡದ ನೆತ್ತಿಗೆ ಕಟ್ಟಬಾರದು. ಗಿಡಕ್ಕಿಂತ ಅರ್ಧ ಅಡಿ ಎತ್ತರದ ಬಿದಿರು ಕೋಲನ್ನು ಕಾಂಡದ ಹಿಂದೆ, ಕುಂಡದ ಅಂಚಿನ ಕಡೆ ಊರಿ, ನಕ್ಷತ್ರ ಅದಕ್ಕೆ. ಮುಂದಿನಿಂದ ಕೋಲು ಕಾಣುವುದೇ ಇಲ್ಲ. ಟೊಂಗೆಗಳು ಮೆತ್ತಗಿನವು, ಗಾಜಿನ ಗುಂಡು ತೂಗುಹಾಕಿದರೆ ಬಾಗುತ್ತವೆ, ಕೆಲವು ಮತ್ತೆ ಏಳುವುದಿಲ್ಲ. ಕಾಗದ, ಹತ್ತಿ ಇಷ್ಟೇ ಸಾಕು. ಹಿಮದ ಸ್ಪ್ರೇ ಮತ್ತು ಚಮಕಿ ಪೂರ್ತಿ ಬೇಡ, ಎಲೆಯ ಉಸಿರು ಕಟ್ಟುತ್ತದೆ, ತೊಳೆದರೂ ಹೋಗದು. ದೀಪ ಎಲ್‌ಇಡಿಯೇ ಇರಲಿ, ಹಳೆಯ ತಂತಿ ಬಲ್ಬಿನ ಸರ ಬಿಸಿಯಾಗಿ ಎಲೆತುದಿ ಸುಡುತ್ತದೆ. ಸರವನ್ನು ಕಾಂಡಕ್ಕೆ ಬಿಗಿಯಾಗಿ ಸುತ್ತದೆ ಟೊಂಗೆಗಳ ಮೇಲೆ ಸಡಿಲವಾಗಿ ಹಾಯಿಸಬೇಕು. ನೀರು ಹಾಕುವ ಮೊದಲು ಪ್ಲಗ್ ತೆಗೆಯುವುದನ್ನು ಮಕ್ಕಳಿಗೂ ಹೇಳಿಕೊಡಿ.

ಕುಂಡ ಬೇಡ, ಟೊಂಗೆಯೇ ಸಾಕು ಎನ್ನುವ ಮನೆಗಳಲ್ಲಿ ಸುರು ಗಿಡದ, ಅಂದರೆ ಗಾಳಿ ಮರದ ಟೊಂಗೆ ತರುತ್ತಾರೆ. ಅದನ್ನು ಉಸುಕು ತುಂಬಿದ ಡಬ್ಬಿಯಲ್ಲಿ ಒಣದಾಗಿ ನಿಲ್ಲಿಸಿದರೆ ನಾಲ್ಕನೇ ದಿನಕ್ಕೆ ಬೂದು ಬಣ್ಣ. ಮನೆಗೆ ತಂದ ಕೂಡಲೇ ಬುಡದಿಂದ ಒಂದು ಇಂಚು ಗರಗಸದಲ್ಲಿ ನೇರಕ್ಕೆ ಕೊಯ್ದು ಬಕೆಟ್ ನೀರಿಗೆ ಇಳಿಸಬೇಕು. ಹಳೆಯ ಕೊಯ್ತ ಒಣಗಿ ಮುಚ್ಚಿಕೊಂಡಿರುತ್ತದೆ, ಅದರಿಂದ ನೀರು ಏರುವುದಿಲ್ಲ. ಬುಡ ಬಕೆಟ್‌ನಲ್ಲಿ ಹಿಡಿಸದಿದ್ದರೆ ತೊಗಟೆ ಕೆತ್ತಿ ಸಣ್ಣದು ಮಾಡುವವರಿದ್ದಾರೆ. ನೀರು ಏರುವುದೇ ತೊಗಟೆಯ ಒಳಮಗ್ಗುಲಿನ ಹೊಸ ಕಟ್ಟಿಗೆಯಲ್ಲಿ, ಅದಕ್ಕೆ ಬಕೆಟ್ ಬದಲಿಸುವುದೇ ಮೇಲು. ಸುತ್ತ ಕಲ್ಲು ಜೋಡಿಸಿ ನಿಲ್ಲಿಸಿ. ಫರ್ ಗಿಡಕ್ಕೆ ಹೊರದೇಶದವರು ಹೇಳುವ ಲೆಕ್ಕ, ಕಾಂಡದ ಒಂದು ಇಂಚು ದಪ್ಪಕ್ಕೆ ದಿನಕ್ಕೆ ಸುಮಾರು ಒಂದು ಲೀಟರ್, ಅಂದಾಜಿಗೆ ಸಾಕು. ಸಕ್ಕರೆ, ಆಸ್ಪಿರಿನ್ ಏನೂ ಬೇಡ. ಕೊಯ್ತದ ಮಟ್ಟಕ್ಕಿಂತ ನೀರು ಕೆಳಗಿಳಿಯದಿದ್ದರೆ ಆಯಿತು.

ಕುಂಡದ ಗಿಡವನ್ನು ಜನವರಿ 6ರ ಮೂರು ರಾಯರ ಹಬ್ಬದವರೆಗೂ ಒಳಗಿಟ್ಟರೆ ತಪ್ಪಿಲ್ಲ. ಹೊರಗೆ ಹೋಗುವುದು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ: ಒಂದು ವಾರ ವರಾಂಡ, ಮುಂದಿನ ವಾರ ಬೆಳಗಿನ 9ರವರೆಗಿನ ಬಿಸಿಲು, ಆಮೇಲೆ ಮಾಳಗಿಯಲ್ಲಿ ಹಸಿರು ನೆರಳುಬಲೆಯ ಕೆಳಗೆ. ಮಾರ್ಚ್‌ನಿಂದ ಮೇವರೆಗೆ ಕುಂಡಕ್ಕೆ ಹಸಿ ಗೋಣಿತಟ್ಟು ಸುತ್ತಿ. ಸಿಮೆಂಟ್ ನೆಲದ ಕಾವು ಬೇರಿಗೆ ಏರದಂತೆ ಕೆಳಗೆ ಎರಡು ಇಟ್ಟಂಗಿ. ಉದುರಿದ ಕೆಳಟೊಂಗೆ ಮತ್ತೆ ಚಿಗುರುವುದಿಲ್ಲ, ಅದನ್ನು ಕಾಯುತ್ತ ಗೊಬ್ಬರ ಸುರಿಯಬೇಡಿ. ಗೊಬ್ಬರ ಜೂನ್‌ನಿಂದ ಸಪ್ಟೆಂಬರ್‌ವರೆಗೆ ಮಾತ್ರ, ತಿಂಗಳಿಗೊಮ್ಮೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ 2 ಗ್ರಾಂ.

ಎರಡು ಮೂರು ವರ್ಷಕ್ಕೊಮ್ಮೆ, ಮಳೆ ಹಿಡಿದ ಮೇಲೆ, ಎರಡಿಂಚು ದೊಡ್ಡ ಕುಂಡಕ್ಕೆ ಬದಲಿಸುತ್ತೇನೆ. ಖಾನಾಪುರ ಕಡೆಯ ಮಸಾರಿ ಮಣ್ಣು ಎರಡು ಪಾಲು, ದಪ್ಪ ಉಸುಕು ಒಂದು, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು, ಕಳಿತ ತಿಪ್ಪೆಗೊಬ್ಬರ ಒಂದು. ಎರೆ ಮಣ್ಣು ಒಂದು ಹಿಡಿಯೂ ಬೇಡ, ನೀರು ಹಿಡಿದು ಉಬ್ಬುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ನೆಲದಲ್ಲಿ ನೆಡುವವರು ಮನೆಯಿಂದ ಕನಿಷ್ಠ 20 ಅಡಿ ಬಿಟ್ಟು, ಕರೆಂಟ್ ತಂತಿ ಇಲ್ಲದ ಕಡೆ ನೆಡಲಿ, ಇದು ಮೂರಂತಸ್ತಿನ ಮನೆಯನ್ನೂ ಮೀರುವ ಮರ. ಕುಂಡ 16 ಇಂಚು ದಾಟಿದ ಮೇಲೆ ಇಬ್ಬರು ಹಿಡಿದರೂ ಮೆಟ್ಟಿಲು ಇಳಿಸುವುದು ಕಷ್ಟ. ಆ ವರ್ಷದಿಂದ ಗಿಡ ಮಾಳಗಿಯಲ್ಲೇ ಉಳಿಯುತ್ತದೆ, ದೀಪದ ಸರವೇ ಮೇಲಕ್ಕೆ ಹೋಗುತ್ತದೆ.