ಬಲೆನ 2 ಮೀಟರ್ ಕೆಳಗಿಳಿಸಿದ ಮೇಲೆ

ಬೀಡುಬಲೆಯಲ್ಲಿ (ನೀರೊಳಗೆ ಗೋಡೆ ತರ ನಿಲ್ಲೋ ಬಲೆ) ಟ್ಯೂನಾ ಹಿಡಿಯೋದು ನನ್ನ ಕೆಲಸ, ಬೆಳಗಿನ ಜಾವ ಬಲೆ ಎಳೀವಾಗ ಒಂದ್ಕಡೆ ಭಾರ ಆಯ್ತು ಅಂದ್ರೆ ಮೊದ್ಲು ಖುಷಿ, ಆಮೇಲೆ ಡಾಲ್ಫಿನ್ ಬಾಲ ಕಂಡ ತಕ್ಷಣ ಎದೆ ಧಸಕ್ ಅನ್ನೋದು, ಇದು ಎಷ್ಟೋ ಸಲ ಆಗಿದೆ. ಡಾಲ್ಫಿನ್ ಉಸಿರಾಡೋಕೆ ಮೇಲೆ ಬರ್ಲೇಬೇಕು, ನೀರೊಳಗೆ ಸಿಕ್ಕಾಕೊಂಡ್ರೆ ಮುಗೀತು, ನಾವು ನೋಡೋಷ್ಟರಲ್ಲಿ ಸತ್ತಿರತ್ತೆ. ಬಲೆನೂ ಹರಿದು ಚಿಂದಿ.

ಮೊದ್ಲು ಪಿಂಗರ್ ಹಾಕಿದ್ವಿ, ಅಂದ್ರೆ ಸದ್ದು ಮಾಡಿ ಡಾಲ್ಫಿನ್‌ನ ಬಲೆಯಿಂದ ದೂರ ಇಡೋ ಸಣ್ಣ ಯಂತ್ರ. ನಮ್ದು 10 ಕಿಲೋಹರ್ಟ್ಸ್‌ದು, 4 ಸೆಕೆಂಡಿಗೊಂದ್ಸಲ ಕೀ ಅನ್ನತ್ತೆ, ಸುಮಾರು 100 ಮೀಟರಿಗೆ ಒಂದರಂಗೆ ಮೇಲಿನ ಹಗ್ಗಕ್ಕೆ ಕಟ್ಟೋದು. ಕಟ್ಟಿಬಿಟ್ರೆ ಆಯ್ತು ಅಂದ್ಕೊಂಡಿದ್ದೇ ತಪ್ಪು. ನೀರು ತಾಗಿದ್ರೆ ಮಾತ್ರ ಕೂಗೋದು ಅದು, ಹಾಗಾಗಿ ಬ್ಯಾಟರಿ ಸತ್ತಿದ್ದು ಡೆಕ್ ಮೇಲೆ ಗೊತ್ತೇ ಆಗಲ್ಲ, ಒಂದಿನ ಪಕ್ಕಪಕ್ಕದ ಎರಡು ಸತ್ತಿದ್ವು, ಡಾಲ್ಫಿನ್ ಸರಿಯಾಗಿ ಅವೆರಡರ ಮಧ್ಯೆನೇ ಬಿದ್ದಿತ್ತು. ಈಗ ಬಲೆ ಬಿಡೋ ಮುಂಚೆ ಒಂದೊಂದನ್ನೂ ಉಪ್ಪುನೀರಿನ ಬಕೆಟಲ್ಲಿ ಅದ್ದಿ ಕೇಳ್ತೀವಿ. ನನ್ನ ಕಿವಿಗೆ ಅಷ್ಟು ಸಣ್ಣ ಸದ್ದು ಕೇಳಲ್ಲ (ಇಂಜಿನ್ ಪಕ್ಕ ವರ್ಷಗಟ್ಲೆ ಕೂತ ಫಲ), ಬೋಟಿನ ಚಿಕ್ಕ ಹುಡುಗನೇ ಕೂತು ಕೇಳಿ "ಅಣ್ಣಾ ಇದು ಹೋಗಿದೆ" ಅಂತ ಪಕ್ಕಕ್ಕಿಡ್ತಾನೆ.

ನಿಜವಾಗ್ಲೂ ವ್ಯತ್ಯಾಸ ಆಗಿದ್ದು ಬಲೆ ಇಳಿಸಿದ್ಮೇಲೆ. ಬಲೆ ತೇಲಿಸೋ ಬೆಂಡಿಗೆ ಉದ್ದ ಹಗ್ಗ ಕೊಟ್ಟು ಬಲೆಯ ಮೇಲಂಚು ನೀರಿನ ಮಟ್ಟಕ್ಕಿಂತ 2 ಮೀಟರ್ ಕೆಳಗೆ ನಿಲ್ಲೋ ಹಂಗೆ ಮಾಡಿದ್ವಿ, ಮೇಲ್ಗಡೆ ಡಾಲ್ಫಿನ್ ದಾಟೋಕೆ ದಾರಿ ಸಿಗತ್ತೆ. ಪಾಕಿಸ್ತಾನದ ಟ್ಯೂನಾ ಬೋಟುಗಳಲ್ಲಿ ಇದೇ ಮಾಡಿ ಡಾಲ್ಫಿನ್ ಸಾಯೋದು ಬಹಳ ಇಳಿದಿದೆ. ಮೀನು ತಪ್ಪಿಹೋಗತ್ತೆ ಅಂತ ನಮ್ಮೋರು ಗೊಣಗಿದ್ರು, ಹೇಳ್ಕೊಳ್ಳೋವಷ್ಟೇನೂ ಕಮ್ಮಿ ಆಗ್ಲಿಲ್ಲ. ತಲೆನೋವು ಬೇರೆ ಇತ್ತು, ಬಲೆ ಬಿಡೋವಾಗ ಬೆಂಡಿನ ಹಗ್ಗಗಳು ಒಂದಕ್ಕೊಂದು ಸುತ್ತಾಕೊಳ್ಳೋವು. ಒಂದೊಂದನ್ನೂ ಬೇರೆ ಬೇರೆ ಸುರುಳಿ ಸುತ್ತಿಟ್ಟು, ಒಬ್ಬ ಅದನ್ನೇ ನೋಡ್ಕೊಂಡು ನಿಂತ ಮೇಲೆ ಸರಿಹೋಯ್ತು.

ಆದ್ರೂ ಒಂದ್ಸಲ ಡಾಲ್ಫಿನ್ ಬಿತ್ತು, ಪುಣ್ಯಕ್ಕೆ ಜೀವ ಇತ್ತು, ಎಳೆಯೋ ಹೊತ್ತಿಗೇ ಸಿಕ್ಕಿರಬೇಕು. ಇಂಜಿನ್ ನ್ಯೂಟ್ರಲ್‌ಗೆ ಹಾಕಿ ಬಲೆ ಸಡಿಲ ಬಿಟ್ವಿ. ಗಾಬರಿಗೆ ಒಬ್ಬ ಬಾಲಕ್ಕೆ ಹಗ್ಗ ಹಾಕೋಕೆ ಹೋದ, ಬೈದು ನಿಲ್ಲಿಸ್ದೆ, ಬಾಲ ಹಿಡಿದು ಎತ್ತಿದ್ರೆ ಅದರ ಮೈತೂಕಕ್ಕೇ ಬೆನ್ನುಮೂಳೆಗೆ ಪೆಟ್ಟಾಗತ್ತೆ. ಇಬ್ಬರು ತಲೆ ಮೇಲಿನ ಉಸಿರಿನ ತೂತು ನೀರಿಂದ ಮೇಲಿರೋ ಹಂಗೆ ಹಿಡ್ಕೊಂಡ್ರು, ನಾನು ಮೂತಿ ಹತ್ರದಿಂದ ಕಣ್ಣಿ ಕತ್ತರಿಸ್ತಾ ಬಂದೆ. ಬಿಟ್ಟ ಮೇಲೂ ಸ್ವಲ್ಪ ಹೊತ್ತು ಬೋಟ್ ಪಕ್ಕದಲ್ಲೇ ತೇಲ್ತಾ ಎರಡು ಸಲ ಪುಸ್ ಅಂತ ಉಸಿರು ಬಿಡ್ತು, ಆಮೇಲೆ ಮುಳುಗ್ತು. ಕತ್ತರಿಸಿದ್ದಕ್ಕೆ ಬಲೆಗಾದ ತೂತು ಹೆಣೆಯೋಕೆ ಇಬ್ಬರಿಗೆ ಇಡೀ ಮಧ್ಯಾಹ್ನ ಹಿಡೀತು.