ಎತ್ತರವಷ್ಟೇ ಸಾಲದು: ಫೋರ್ಸ್ ಪ್ಲೇಟ್‌ನಲ್ಲಿ ಜಿಗಿತವನ್ನು ಓದುವುದು ಹೇಗೆ?

ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅಳೆದರೆ ವಾಲಿಬಾಲ್ ಆಟಗಾರ್ತಿ ಎಷ್ಟು ಎತ್ತರ ಹಾರಿದಳೆಂದು ತಿಳಿಯುತ್ತದೆಯೇ ಹೊರತು, ಹೇಗೆ ಹಾರಿದಳೆಂದು ತಿಳಿಯುವುದಿಲ್ಲ. ಪಾದಗಳು ನೆಲವನ್ನು ಒತ್ತುವ ಬಲವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1000 ಸಲ ದಾಖಲಿಸುವ ಫೋರ್ಸ್ ಪ್ಲೇಟ್ ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಮೊದಲು ಖಾಲಿ ಪ್ಲೇಟನ್ನು ಸೊನ್ನೆಗೆ ತಂದು, ಬಳಿಕ ಆಟಗಾರ್ತಿಯನ್ನು ಸೊಂಟದ ಮೇಲೆ ಕೈಯಿರಿಸಿ ಕನಿಷ್ಠ ಒಂದು ಸೆಕೆಂಡು ಅಲುಗದೆ ನಿಲ್ಲಿಸಬೇಕು. ಆ ಹೊತ್ತಿನ ಸರಾಸರಿ ಬಲವೇ ಅವಳ ದೇಹತೂಕ. ಅವಸರದಲ್ಲಿ ಅನೇಕರು ಕಡೆಗಣಿಸುವ ಈ ಹಂತವೇ ನನ್ನ ದೃಷ್ಟಿಯಲ್ಲಿ ಇಡೀ ಪರೀಕ್ಷೆಯ ಬುನಾದಿ. 60 ಕಿಲೋ ತೂಗುವವಳ ದೇಹತೂಕ ಸುಮಾರು 589 ನ್ಯೂಟನ್. ಅದರಲ್ಲಿ ಬರೀ 6 ನ್ಯೂಟನ್ ಹೆಚ್ಚುಕಡಿಮೆಯಾದರೂ, 0.8 ಸೆಕೆಂಡಿನ ಜಿಗಿತದಲ್ಲಿ ಆ ತಪ್ಪು ಕ್ಷಣಕ್ಷಣಕ್ಕೂ ಕೂಡುತ್ತಾ ಹೋಗಿ, 29 ಸೆಂ.ಮೀ. ಎತ್ತರದ ಲೆಕ್ಕವನ್ನು ಸುಮಾರು 2 ಸೆಂ.ಮೀ. ಕೆಡಿಸುತ್ತದೆ.

ಇನ್ನು ಜಿಗಿಯಲು ಹೇಳಿ, ಗ್ರಾಫ್ ನೋಡಿ. ಮಂಡಿ ಬಗ್ಗಿಸಿ ಕೆಳಗಿಳಿಯುವಾಗ ಗೆರೆ ಮೊದಲು ದೇಹತೂಕದ ಮಟ್ಟಕ್ಕಿಂತ ಕೆಳಗೆ ಬೀಳುತ್ತದೆ. ಅದು ಮತ್ತೆ ಮೇಲೇರಿ ಆ ಮಟ್ಟವನ್ನು ದಾಟುವ ಕ್ಷಣದಲ್ಲಿ ದೇಹದ ಇಳಿವೇಗ ಅತಿ ಹೆಚ್ಚಿರುತ್ತದೆ, ಅಲ್ಲಿಂದ ಆ ಇಳಿತವನ್ನು ತಡೆಯುವ ಹಂತ ಶುರು. ಕೆಳಗಿನ ತಗ್ಗಿನ ವಿಸ್ತೀರ್ಣವೂ ತಡೆಯುವ ಹಂತದಲ್ಲಿ ಮೇಲೆದ್ದ ಉಬ್ಬಿನ ವಿಸ್ತೀರ್ಣವೂ ಸಮವಾದಾಗ ವೇಗ ಸೊನ್ನೆಯಾಗುತ್ತದೆ. ದೇಹ ಅತ್ಯಂತ ತಗ್ಗಿನಲ್ಲಿರುವುದು ಆಗಲೇ. ಅಲ್ಲಿಂದ ಪಾದ ನೆಲ ಬಿಡುವವರೆಗೆ ಮೇಲಕ್ಕೆ ತಳ್ಳುವ ಹಂತ. ಹೀಗಾಗಿ ಅಂಜುತ್ತಾ ನಿಧಾನವಾಗಿ ಕೆಳಗಿಳಿಯುವವಳ ಗ್ರಾಫ್‌ನಲ್ಲಿ ತಗ್ಗು ಆಳವಿಲ್ಲದೆ, ತಡೆಯುವ ಬಲವೂ ಸಪ್ಪೆಯಾಗಿ ಕಾಣುತ್ತದೆ.

ದೇಹತೂಕವನ್ನು ಕಳೆದು ಉಳಿದ ಬಲವನ್ನು ಕಾಲದೊಂದಿಗೆ ಕೂಡಿಸುತ್ತಾ ಹೋದರೆ ಸಿಗುವುದು ಇಂಪಲ್ಸ್. ನಮ್ಮ ಆಟಗಾರ್ತಿಗೆ ಅದು 144 ನ್ಯೂಟನ್-ಸೆಕೆಂಡ್ ಬಂದರೆ, 60ರಿಂದ ಭಾಗಿಸಿದಾಗ ನೆಲ ಬಿಡುವ ವೇಗ ಸೆಕೆಂಡಿಗೆ 2.4 ಮೀಟರ್. ಅದರ ವರ್ಗವನ್ನು 19.62ರಿಂದ (ಗುರುತ್ವ ವೇಗೋತ್ಕರ್ಷ 9.81ರ ಎರಡರಷ್ಟು) ಭಾಗಿಸಿದರೆ ಎತ್ತರ ಸುಮಾರು 29 ಸೆಂ.ಮೀ. ಗಾಳಿಯಲ್ಲಿದ್ದ ಸಮಯದಿಂದಲೂ ಎತ್ತರ ಲೆಕ್ಕ ಹಾಕಬಹುದಾದರೂ, ಅವಳು ಮಂಡಿ ಮಡಚಿಕೊಂಡು ಇಳಿದರೆ ನೆಲ ಮುಟ್ಟುವುದು ತಡವಾಗಿ, 0.49 ಸೆಕೆಂಡು ಇರಬೇಕಾದದ್ದು 0.55 ಆಗಿ, ಹಾರದ ಎತ್ತರವೂ ಸೇರಿ 37 ಸೆಂ.ಮೀ. ತೋರಿಸುತ್ತದೆ.

ಎತ್ತರದ ಜೊತೆಗೆ ಸಮಯವನ್ನೂ ನೋಡಲೇಬೇಕು. ಇಬ್ಬರು 30 ಸೆಂ.ಮೀ. ಹಾರಿದರೂ, ಚಲನೆ ಶುರುವಾದಾಗಿನಿಂದ ನೆಲ ಬಿಡಲು ಒಬ್ಬಳಿಗೆ 0.6, ಇನ್ನೊಬ್ಬಳಿಗೆ 0.9 ಸೆಕೆಂಡು ಹಿಡಿದರೆ ಬ್ಲಾಕ್ ಮಾಡಲು ಮೊದಲನೆಯವಳೇ ಮುಂಚೆ ತಲುಪುತ್ತಾಳೆ. ಮೀಟರಿನಲ್ಲಿ ಎತ್ತರವನ್ನು ಈ ಸಮಯದಿಂದ ಭಾಗಿಸಿದರೆ ಅವಳ ಅಂಕ 0.50, ಇನ್ನೊಬ್ಬಳದು 0.33. ಎರಡನೆಯವಳಿಗೆ ‘ಇನ್ನೂ ಎತ್ತರ ಹಾರು’ ಎನ್ನುವ ಬದಲು ಬೇಗ ಇಳಿದು ಆ ಇಳಿತವನ್ನು ಬೇಗ ತಡೆಯುವ ಅಭ್ಯಾಸ ಕೊಡಬೇಕು.

ಕಾಲಿಗೊಂದರಂತೆ ಎರಡು ಪ್ಲೇಟ್‌ಗಳಿದ್ದರೆ ಎಡ-ಬಲದ ವ್ಯತ್ಯಾಸವೂ ಸಿಗುತ್ತದೆ. ಕನಿಷ್ಠ ಮೂರು ಜಿಗಿತ ಹಾರಿಸಿ. ವ್ಯತ್ಯಾಸ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದರೆ ಅದನ್ನು ದೋಷವೆಂದು ಬರೆದುಕೊಳ್ಳಬೇಡಿ. ಮೂರರಲ್ಲೂ ತಡೆಯುವಾಗ ಮತ್ತು ನೆಲಕ್ಕಿಳಿಯುವಾಗ ಒಂದೇ ಕಾಲು ಭಾರ ಹೊರಲು ಹಿಂಜರಿದರೆ, ಹಳೆಯ ಗಾಯವಿದೆಯೇ ಎಂದು ಅವಳನ್ನೇ ಕೇಳಿ, ಗ್ರಾಫ್ ಸಮೇತ ಫಿಸಿಯೋಥೆರಪಿಸ್ಟ್ ಬಳಿ ಕಳುಹಿಸಿ.