ಕರಟದ ಇದ್ದಿಲಿನಲ್ಲಿ ಓಡಿದ 5 ಇಂಚು ಗೇಜಿನ ಉಗಿ ಇಂಜಿನ್: ನನ್ನ ಅನುಭವ

ತೆಂಗಿನ ಕರಟದ ಇದ್ದಿಲು ಇಸ್ತ್ರಿ ಪೆಟ್ಟಿಗೆಗೆ ಸರಿ, ಇಂಜಿನ್ನಿಗೆ ಆಗದು ಎಂದು ಪುಟ್ಟ ಉಗಿ ರೈಲು ಇಂಜಿನ್ ಕಟ್ಟಿ ಓಡಿಸುವ ನಮ್ಮ ಹವ್ಯಾಸದ ಮಿತ್ರರೆಲ್ಲ ಹೇಳುತ್ತಲೇ ಬಂದಿದ್ದರು. ಈಗ 5 ಇಂಚು ಅಂತರದ ಹಳಿಗಳ ಮೇಲೆ ಓಡುವ ನನ್ನ ಪುಟ್ಟ ಟ್ಯಾಂಕ್ ಇಂಜಿನ್ (ನೀರನ್ನು ತನ್ನ ಮೈಮೇಲೆಯೇ ಹೊರುವ ಇಂಜಿನ್) ಅದೇ ಇದ್ದಿಲನ್ನು ತಿಂದು, ನಾಲ್ವರು ದೊಡ್ಡವರನ್ನು ಎಳೆದುಕೊಂಡು, ಉಗಿಯ ಒತ್ತಡ ಚದರ ಇಂಚಿಗೆ 70 ಪೌಂಡಿಗಿಂತ ಕೆಳಗಿಳಿಯದಂತೆ ಮುಕ್ಕಾಲು ಗಂಟೆ ಓಡುತ್ತಿದೆ. ಮಾಡಿದ ಬಗೆಯನ್ನು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ. ಲೇತ್ ಕೆಲಸ, ವಾಲ್ವ್ ಹೊಂದಿಸುವುದು, ಬೆಳ್ಳಿ ಬೆಸುಗೆ ಇವೆಲ್ಲ ನಿಮಗೆ ತಿಳಿದಿರುವುದರಿಂದ ಅವುಗಳ ಗೋಜಿಗೆ ಹೋಗುವುದಿಲ್ಲ.

ಬಾಯ್ಲರ್ ತಾಮ್ರದ್ದು, ಕೆಲಸದ ಒತ್ತಡ 80 ಪೌಂಡ್, ತಣ್ಣೀರಿನ ಪರೀಕ್ಷೆ 160ಕ್ಕೆ. ಸಿಲಿಂಡರ್ ಒಳವ್ಯಾಸ 32 ಮಿ.ಮೀ. ತಾಮ್ರಕ್ಕೂ ಬೆಸುಗೆ ಕಡ್ಡಿಗೂ ಸೇರಿ ಸುಮಾರು 45 ಸಾವಿರ ರೂಪಾಯಿ ಹೋಯಿತು; ಅದರಲ್ಲಿ ಅರ್ಧಕ್ಕೆ ಹತ್ತಿರ ಬೆಳ್ಳಿಯದೇ. ಸಿಲಿಂಡರಿನ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಎರಕವನ್ನು ಹೊರಗೆ ಮಾಡಿಸಿದೆ. ಮೊದಲ ಜೋಡಿಯನ್ನು ಬೋರ್ ಮಾಡುತ್ತಿದ್ದಂತೆ ಗಾಳಿಗುಳಿಗಳು ಬಾಯ್ದೆರೆದವು. ಎರಕ ಹುಯ್ದವರು ಹಣ ಹಿಂದಿರುಗಿಸಲಿಲ್ಲ. ಹಳಿ, ಗಾಡಿ ಎಲ್ಲ ಸೇರಿಸಿದರೆ ಒಟ್ಟು ಖರ್ಚು ಎರಡೂವರೆ ಲಕ್ಷದ ಆಚೀಚೆ ಇರಬಹುದು. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ನಿಜವಾದ ಕಷ್ಟ ಉರುವಲಿನದು. ಇಂಗ್ಲೆಂಡಿನ ಹವ್ಯಾಸಿಗಳು ಉರಿಸುವಂಥ ವೇಲ್ಸ್ ಕಲ್ಲಿದ್ದಲು ನಮಗೆಲ್ಲಿ ಸಿಗಬೇಕು? ಇಲ್ಲಿ ಕೊಂಡ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿಯೇ ಇದ್ದು, ಕೆಲವೇ ನಿಮಿಷಗಳಲ್ಲಿ ಜಾಲರಿ ಕಟ್ಟಿಕೊಂಡು ಬೆಂಕಿ ಸತ್ತುಹೋಗುತ್ತಿತ್ತು. ಎರಕದ ಮನೆಯ ಗಟ್ಟಿ ಕೋಕ್ (ಕಾಯಿಸಿ ಹೊಗೆ ತೆಗೆದ ಕಲ್ಲಿದ್ದಲು) ಅಷ್ಟು ಸಣ್ಣ ಫೈರ್‌ಬಾಕ್ಸಿನಲ್ಲಿ ಕೆಂಪಾಗಿ ನಿಲ್ಲಲೇ ಇಲ್ಲ. ಜಾಲಿಯ ಇದ್ದಿಲು ಚೆನ್ನಾಗಿ ಹೊತ್ತಿಕೊಂಡರೂ ಚಿಮಣಿಯಿಂದ ಕಿಡಿ ಹಾರಿಸಿ, ಹಿಂದೆ ಕುಳಿತವರ ಅಂಗಿಯನ್ನು ತೂತು ಮಾಡಿತು. ಕೊನೆಗೆ ತಿಪಟೂರು ಕಡೆಯಿಂದ ಕರಟದ ಇದ್ದಿಲು ತರಿಸಿದೆ. ಕಿಲೋಗೆ 50 ರೂಪಾಯಿಯಷ್ಟು ಬಿದ್ದಿತು. ಬೂದಿ ಕಡಿಮೆ, ಹೊಗೆ ಇಲ್ಲ, ಕಾವು ಬಹಳ. ಇದರಲ್ಲಿ ಹೊಸತೇನೂ ಇಲ್ಲವೆಂದು ಮಿತ್ರರಿಗೆ ವಾದಿಸಿದೆ: ಇಂಗ್ಲೆಂಡಿನ ರೈನ್‌ಹಿಲ್ ಪಂದ್ಯದಲ್ಲಿ ಇಂಜಿನ್ ತನ್ನ ಹೊಗೆಯನ್ನು ತಾನೇ ನುಂಗಬೇಕೆಂಬ ಷರತ್ತಿದ್ದುದರಿಂದ ಸ್ಟೀಫನ್‌ಸನ್‌ರ 1829ರ ರೈಲು ಇಂಜಿನ್ ರಾಕೆಟ್ ಕೂಡ ಕೋಕನ್ನೇ ಉರಿಸಿತ್ತು; ಅದರ ಬಾಯ್ಲರಿನಲ್ಲಿ ಬೆಂಕಿಯ ಬಿಸಿಗಾಳಿ ಹಾಯುವ 25 ತಾಮ್ರದ ಕೊಳವೆಗಳಿಗೆ ಉದ್ದನೆಯ ಜ್ವಾಲೆ ಬೇಕಾಗಿರಲಿಲ್ಲ.

ವಾದ ಗೆದ್ದರೂ ಇಂಜಿನ್ ಓಡಲಿಲ್ಲ. ಬಳಸಿದ ಉಗಿಯನ್ನು ಚಿಮಣಿಯೊಳಗೆ ಊದಿ ಬೆಂಕಿಗೆ ಗಾಳಿ ಎಳೆಯುವ ಬ್ಲಾಸ್ಟ್ ನಾಝಲ್ಲಿನ ರಂಧ್ರವನ್ನು ಸಿಲಿಂಡರ್ ವ್ಯಾಸದ ಏಳನೇ ಒಂದು ಪಾಲಿನ ಹಳೆಯ ಲೆಕ್ಕದಂತೆ 4.5 ಮಿ.ಮೀ. ಇಟ್ಟಿದ್ದೆ. ಕಲ್ಲಿದ್ದಲಿಗೆ ಅದು ಸರಿ. ಕರಟದ ಇದ್ದಿಲು ಹಗುರ. ಇಂಜಿನ್ ಭಾರ ಎಳೆಯತೊಡಗಿದ ಕೂಡಲೇ ಪ್ರತಿಯೊಂದು ಉಗಿಯ ಉಸಿರಿಗೂ ಬೆಂಕಿಯ ಹಾಸಿಗೆ ಎದ್ದು ಕುಣಿದು, ಅರೆಬೆಂದ ಚೂರುಗಳು ಕೊಳವೆಗಳ ಮೂಲಕ ಚಿಮಣಿಯ ಬುಡದ ಸ್ಮೋಕ್‌ಬಾಕ್ಸಿಗೆ ಬಂದು ಗುಡ್ಡೆಯಾಗುತ್ತಿದ್ದವು. ರಂಧ್ರವನ್ನು 5.5ಕ್ಕೆ ಹಿಗ್ಗಿಸಿದರೆ ಎಳೆತವೇ ಸಾಲದೆ, ಹಳಿಯ ಅರ್ಧ ಸುತ್ತಿನಲ್ಲಿ ಒತ್ತಡ 40ಕ್ಕೆ ಕುಸಿಯುತ್ತಿತ್ತು. ಈ ಎರಡರ ನಡುವೆ ಒಂದು ಮಳೆಗಾಲವೇ ಕಳೆಯಿತು.

ದಾರಿ ಸಿಕ್ಕಿದ್ದು ಅರ್ಜೆಂಟೀನಾದ ಇಂಜಿನಿಯರ್ ಲಿವಿಯೊ ದಾಂತೆ ಪೋರ್ತಾ ಅವರ ಲೆಂಪೋರ್ ಎಂಬ, ಚಿಮಣಿಯಿಂದ ಗಾಳಿ ಎಳೆಯುವ ವ್ಯವಸ್ಥೆಯಿಂದ. ಒಂದು ರಂಧ್ರದ ಬದಲು ಅವರು ನಾಲ್ಕನ್ನು ಇಡುತ್ತಿದ್ದರು. ನಾನು 2.5 ಮಿ.ಮೀ.ನ ನಾಲ್ಕು ರಂಧ್ರ ಕೊರೆದೆ. ಉಗಿ ಹೊರಹೋಗುವ ಜಾಗ ಕಾಲು ಭಾಗದಷ್ಟು ಹೆಚ್ಚಿ ಪಿಸ್ಟನ್ನಿನ ಮೇಲಿನ ಹಿಮ್ಮುಖ ಒತ್ತಡ ಇಳಿಯಿತು. ಉಗಿಯ ಧಾರೆಗಳ ಒಟ್ಟು ಸುತ್ತಳತೆ ಎರಡು ಪಟ್ಟಿಗಿಂತ ಹೆಚ್ಚಾದ್ದರಿಂದ ಅದು ಸುತ್ತಲಿನ ಹೊಗೆಯನ್ನು ಹೆಚ್ಚು ಹಿಡಿದು, ಹದವಾಗಿ ಎಳೆಯತೊಡಗಿತು. ಚಿಮಣಿಯ ಒಳವ್ಯಾಸವನ್ನೂ ಸ್ವಲ್ಪ ಹಿಗ್ಗಿಸಬೇಕಾಯಿತು. ಆ ನಾಲ್ಕು ರಂಧ್ರಗಳ ಓರೆ ಎಷ್ಟು ಡಿಗ್ರಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಜಿಗ್ (ಕೊರೆಯುವಾಗ ಓರೆ ತಪ್ಪದಂತೆ ಹಿಡಿಯುವ ಸಾಧನ) ಮಾಡಲು ನಾನು ಪಟ್ಟ ಪಾಡನ್ನು ಇನ್ನೊಬ್ಬರೂ ಸ್ವಲ್ಪ ಪಡಲಿ.

ಇದ್ದಿಲನ್ನು ಜರಡಿ ಹಿಡಿದು 6ರಿಂದ 10 ಮಿ.ಮೀ.ನ ಚೂರುಗಳನ್ನಷ್ಟೇ ಹಾಕುತ್ತೇನೆ. ಪುಡಿ ಇದ್ದರೆ ಕೆಲಸ ಕೆಟ್ಟಿತು. ಹಾಸಿಗೆ ದಪ್ಪವಾಗಿಯೇ ಇರಬೇಕು, ಆದರೆ ದಪ್ಪ ಹಾಸಿಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಪೂರ್ತಿ ಉರಿಯದೆ ಚಿಮಣಿಯಿಂದ ಹೊರಬೀಳುತ್ತದೆ. ಅದಕ್ಕಾಗಿ ಬೆಂಕಿಬಾಗಿಲಿನಲ್ಲಿ ಏಳೆಂಟು ರಂಧ್ರ ಕೊರೆದು ಮೇಲಿನಿಂದ ಗಾಳಿ ಬಿಟ್ಟೆ. ಹಾಸಿಗೆಯ ಮೇಲೆ ಆಡುವ ನೀಲಿ ಜ್ವಾಲೆ ಅಲ್ಲೇ ಉರಿದು ಮುಗಿಯತೊಡಗಿತು. ಇಷ್ಟರಿಂದಲೇ ಒತ್ತಡದ ಮಾಪಕದಲ್ಲಿ 10 ಪೌಂಡಿನಷ್ಟು ವ್ಯತ್ಯಾಸ ಕಂಡೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ನೀಲಗಿರಿ ರೈಲಿನ ಎಕ್ಸ್ ದರ್ಜೆಯ ಇಂಜಿನ್‌ಗಳಿಗೆ ಎಣ್ಣೆಯ ಬರ್ನರ್ ಹಾಕಿದ್ದಾರಲ್ಲ, ನೀವೂ ಹಾಕಿ ಎಂದು ಒಬ್ಬರು ಸಲಹೆ ಕೊಟ್ಟರು. ಗ್ಯಾರೇಜಿನ ಹಳೆಯ ಎಣ್ಣೆಯಲ್ಲಿ ಪ್ರಯತ್ನಿಸಿದೆ. ಕೊಳವೆಗಳಲ್ಲಿ ಕಟ್ಟಿದ ಮಸಿಯನ್ನು ಕೆರೆಯಲು ಒಂದು ಭಾನುವಾರ ಹೋಯಿತು. ಸಿಲಿಂಡರಿಗೆ ಹರಳೆಣ್ಣೆ ಹಾಕಿ ನೋಡಿದಾಗ, ಒದ್ದೆ ಉಗಿ ಇರುವವರೆಗೆ ಅದು ಸೊಗಸಾಗಿ ನಡೆಯಿತು. ಫೈರ್‌ಬಾಕ್ಸಿನೊಳಗೆ ಉಗಿಯನ್ನು ಇನ್ನಷ್ಟು ಕಾಯಿಸುವ ಸ್ಟೇನ್‌ಲೆಸ್ ಸೂಪರ್‌ಹೀಟರ್ ಕೂರಿಸಿದ ಮೇಲೆ ಅಂಟಾಗಿ ವಾಲ್ವನ್ನು ಹಿಡಿದುಕೊಂಡಿತು. ಈಗ ಮಾರುಕಟ್ಟೆಯ ಸ್ಟೀಮ್ ಸಿಲಿಂಡರ್ ಆಯಿಲನ್ನೇ ಬಳಸುತ್ತೇನೆ.

ಗಂಟೆಗೆ ಒಂದೂವರೆ ಕಿಲೋ ಇದ್ದಿಲು ಖರ್ಚಾಗುತ್ತದೆ. ಬೋರ್‌ವೆಲ್ ನೀರಿನ ಗಡಸುತನದಿಂದ ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರಿನ ಕೋನ್‌ಗಳಲ್ಲಿ ಸುಣ್ಣ ಕಟ್ಟುತ್ತಿದ್ದುದರಿಂದ, ಚಾವಣಿಯ ಮಳೆನೀರನ್ನು ಹಿಡಿದಿಟ್ಟು ಅದನ್ನೇ ತುಂಬುತ್ತಿದ್ದೇನೆ. ಇದೇ ನಾಝಲ್ಲನ್ನು ಏಳೂಕಾಲು ಇಂಚು ಗೇಜಿನ ಇಂಜಿನ್ನಿಗೆ ಹಿಗ್ಗಿಸಿ ನೋಡುವ ಆಸೆಯಿದೆ. ತಾಮ್ರದ ಬೆಲೆ ಕೇಳಿ ಬಂದಿದ್ದೇನೆ, ಇನ್ನೂ ಕೊಂಡಿಲ್ಲ.